ಪಟ್ಟದ ಹೋರಿಗೆ ಅಪ್ಪನ ಹೆಸರಿಲ್ಲ

ದಾದಾ,

ಈ ಕಾಗದವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಓದಲು ಬರುವುದಿಲ್ಲ ಎಂದು ಗೊತ್ತು. ಈಗ ನೀವಿರುವ ಕಡೆ ಲಿಪಿಯ ತೊಂದರೆ ಇರಲಾರದು ಅಂದುಕೊಂಡಿದ್ದೇನೆ. ತಮಿಳಿನಲ್ಲಿ ಬರೆದರೆ ಊರಲ್ಲಿ ಯಾರಾದರೂ ಓದಿಬಿಟ್ಟಾರು. ನಮ್ಮ ಮನೆಮಾತು ಕನ್ನಡವಾದರೂ ಅದರ ಅಕ್ಷರ ತಮಿಳುನಾಡಿನ ಈ ಕಣಿವೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾನೊಬ್ಬನೇ, ಬೆಂಗಳೂರಿನ ಸ್ಟುಡಿಯೋದಲ್ಲಿ ಲೈಟು ಹೊರುತ್ತಿದ್ದಾಗ ಕಲಿತೆ. ನಾಚಿಕೆಯ ಸಂಗತಿ ಬರೆಯಲು ಇದಕ್ಕಿಂತ ಭದ್ರವಾದ ಅಕ್ಷರ ನನಗೆ ಸಿಗದು.

ನಿಮ್ಮನ್ನು ಮೊದಲು ಕಂಡದ್ದು ಕಂಬಂ ಆಚೆಯ ದ್ರಾಕ್ಷಿ ತೋಟವೊಂದರಲ್ಲಿ. ತೇನಿ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಚಪ್ಪರ ತಗ್ಗು, ನೀವು ಎತ್ತರ. ಬೆನ್ನು ಬಗ್ಗಿಸಿ ನಿಂತು, ಟೂತ್‌ಪೇಸ್ಟ್ ಜಾಹೀರಾತಿನ ಹುಡುಗಿಗೆ ಹೇಗೆ ನಗಬೇಕೆಂದು ನೀವೇ ನಕ್ಕು ತೋರಿಸುತ್ತಿದ್ದಿರಿ. ನಾನು ಸಿನಿಮಾದವರಿಗೆ ಜಾಗ ತೋರಿಸುವವನು. ಯಾವ ಬಂಡೆ ಯಾವ ಬಿಸಿಲಿಗೆ ಚೆನ್ನಾಗಿ ಕಾಣುತ್ತದೆ, ಯಾವ ತೋಟದ ಯಜಮಾನ ಬಾಯಿ ಮಾಡುತ್ತಾನೆ ಎಂದು ಹೇಳಿ ಹೊಟ್ಟೆ ಹೊರೆಯುತ್ತಿದ್ದೆ. ಮ್ಯಾನೇಜರು ನನ್ನ ಕಿವಿಯಲ್ಲಿ ನಿಮ್ಮ ತಂದೆಯ, ಕಲ್ಕತ್ತಾದ ಆ ದೊಡ್ಡ ನಿರ್ದೇಶಕರ ಹೆಸರು ಹೇಳಿದ. ಅಷ್ಟೇ ಸಾಕಾಯಿತು, ನನ್ನ ಕೈಗಳು ತಾವಾಗಿ ಜೋಡಿಸಿಕೊಂಡವು. ನೀವು ನೋಡಿದಿರಿ. ಹುಡುಗಿಗೆ ತೋರಿಸುತ್ತಿದ್ದ ನಗು ಮುಖದಿಂದ ಇಳಿದುಹೋಯಿತು. ಆ ನಮಸ್ಕಾರ ನಿಮಗಲ್ಲ ಎಂದು ನಿಮಗೆ ಗೊತ್ತಿಲ್ಲದೆ ಇರುತ್ತದೆಯೇ?

ಮರುದಿನ ಜೀಪಿನಲ್ಲಿ ಸುರುಳಿ ಜಲಪಾತದ ದಾರಿ ಹಿಡಿದಾಗ ನೀವೇ ಎಲ್ಲ ಹೇಳಿದಿರಿ, ಬೇರೆ ಯಾರದೋ ಕಥೆ ಹೇಳುವ ಹಾಗೆ. ಮೊದಲ ಚಿತ್ರ ಚೆನ್ನಾಗಿತ್ತು, ಅಪ್ಪನ ಕೈ ಆಡಿದೆ ಅಂದರು. ಎರಡನೆಯದು ಬಿತ್ತು, ಅಪ್ಪನ ಮಾನ ಕಳೆದ ಅಂದರು. ಮೂರನೆಯದು ಅರ್ಧಕ್ಕೆ ನಿಂತಿತು, ಆಗ ಯಾರೂ ಏನೂ ಅನ್ನಲಿಲ್ಲ. ‘ಅದೇ ನನಗೆ ಸಿಕ್ಕ ಒಳ್ಳೆಯ ವಿಮರ್ಶೆ’ ಎಂದು ನಕ್ಕಿರಿ. ಆಮೇಲೆ ಟೂತ್‌ಪೇಸ್ಟು, ಫ್ಯಾನು, ಟೀವಿ ಧಾರಾವಾಹಿ. ‘ಒಂದೇ ಒಂದು ಚಿತ್ರ. ಅದನ್ನು ನೋಡಿದವರು ಅಪ್ಪನನ್ನು ನೆನೆಯದೆ ಮನೆಗೆ ಹೋಗಬೇಕು’ ಅಂದಿರಿ. ನಾನು ತಲೆ ಆಡಿಸಿದೆ. ಆ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಓಡುತ್ತಿದ್ದುದು ನಿಮ್ಮ ಅಪ್ಪನ ಮನೆ ಹೇಗಿರಬಹುದು, ಒಂದು ಸಲ ಕರೆದುಕೊಂಡು ಹೋಗುತ್ತೀರಾ ಎಂದು. ಛೀ.

ನಮ್ಮ ಮನೆಗೆ ನೀವು ಊಟಕ್ಕೆ ಬಂದ ದಿನ ಅವ್ವ ನಿಮ್ಮನ್ನು ಮೇಲಿಂದ ಕೆಳಕ್ಕೆ ನೋಡಿ, ‘ಏನ್ ತಂಬಿ, ಇಂಗೆ ಒಣಗೋಗಿದ್ದೀಯ? ನಿಮ್ಮೂರ್ನಾಗೆ ಸೋರು ಇಕ್ಕಾಕಿಲ್ವಾ?’ ಎಂದು ಅನ್ನದ ಮೇಲೆ ಅನ್ನ ಬಡಿಸಿದಳು. ನಾನು ಮುಜುಗರದಿಂದ ಅವಳ ಮಾತನ್ನು ಚೆಂದ ಮಾಡಿ ಇಂಗ್ಲಿಷಿಗೆ ತಿರುಗಿಸಿದೆ. ನೀವು ನನ್ನನ್ನು ನಂಬಲಿಲ್ಲ. ‘ಅವರು ನಗುತ್ತಾ ಹೇಳಿದರು, ನೀನು ಭಾಷಣ ಮಾಡುತ್ತಿದ್ದೀಯ’ ಅಂದಿರಿ. ಅಲ್ಲಿಂದ ದೊಡ್ಡಪ್ಪ ನಿಮ್ಮನ್ನು ದೇವರ ದನದ ದೊಡ್ಡಿಗೆ ಕರೆದೊಯ್ದರು. ನಮ್ಮ ಕುಲದ ದೇವರಿಗೆ ಮೂರ್ತಿಯಿಲ್ಲ. ಹಿಂಡೇ ದೇವರು. ಹಿಂಡಿಗೊಬ್ಬ ರಾಜ, ಪಟ್ಟದ ಹೋರಿ. ಅದು ಸತ್ತರೆ ಅದರ ಮಗನಿಗೆ ಪಟ್ಟವೇ ಎಂದು ನೀವು ಕೇಳಿದಿರಿ, ನಾನು ದೊಡ್ಡಪ್ಪನಿಗೆ ಹೇಳಿದೆ.

‘ಅದೆಂಗ್ ತಂಬಿ? ಅಪ್ಪನ್ ಪೇರ್ ಕೇಳಿ ಪಟ್ಟ ಕಟ್ಟಾಕೆ ಇದೇನ್ ಅರಮನೇನಾ? ಕಬ್ಬು ತಂದ್ ಇಕ್ತೀವಿ. ಯಾವ್ದು ಮುಂದೆ ಬಂದ್ ಕಚ್ತದೋ ಅದೇ ರಾಜ. ಅದ್ರ ಅಪ್ಪ ಯಾರಂತ ಯಾರ್ ಕಂಡವ್ರೆ!’

ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮೊದಲೇ ನೀವು ದೊಡ್ಡಿಯ ಬೇಲಿ ಹಿಡಿದು ನಿಂತುಬಿಟ್ಟಿರಿ. ಊಟವಾದ ಮೇಲೆ ಒಂದು ಕಣ್ಣು ಮಲಗುವುದು ನಿಮ್ಮ ಅಭ್ಯಾಸ. ಅವತ್ತು ಮಲಗಲಿಲ್ಲ. ದನ ಮೇಯಿಸುವವನ ಕಥೆ, ಹೊಸ ರಾಜನಿಗಾಗಿ ಕಾಯುವ ಹಿಂಡಿನ ಕಥೆ ಅಲ್ಲಿಯೇ ಹುಟ್ಟಿತು. ಚಿತ್ರದ ಮಾತು ನಮ್ಮ ಅವ್ವನ ಕನ್ನಡದಲ್ಲೇ ಇರಬೇಕು ಎಂದು ಹಟ ಹಿಡಿದಿರಿ. ‘ಅದನ್ನು ಯಾರು ನೋಡುತ್ತಾರೆ ದಾದಾ? ಆ ಭಾಷೆ ಕೇಳಿದರೆ ಕರ್ನಾಟಕದವರೇ ನಗುತ್ತಾರೆ’ ಎಂದೆ. ಬೆಂಗಳೂರಿನಲ್ಲಿ ನಾನು ಬಾಯಿ ತೆಗೆದಾಗಲೆಲ್ಲ ನಕ್ಕವರ ಮುಖ ನನಗೆ ನೆನಪಿತ್ತು. ನೀವು ಭುಜ ತಟ್ಟಿ, ‘ನಿನಗೆ ಮನೆಯಿಂದ ಬಂದದ್ದರ ನಾಚಿಕೆ, ನನಗೂ ಅಷ್ಟೆ’ ಅಂದಿರಿ.

ಮುಹೂರ್ತದ ದಿನ ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ. ದೊಡ್ಡಿಯ ಮುಂದೆ ಪೂಜೆ, ಕ್ಯಾಮೆರಾಕ್ಕೆ ಕುಂಕುಮ, ಊರಿಗೆ ಊರೇ ಸೇರಿತ್ತು. ನಿಮಗೆ ಅಚ್ಚರಿಯಾಗಲಿ ಎಂದು ದೊಡ್ಡಪ್ಪ ಒಂದು ಕೆಲಸ ಮಾಡಿದ್ದರು. ಯಾವುದೋ ಪತ್ರಿಕೆಯಲ್ಲಿದ್ದ ನಿಮ್ಮ ತಂದೆಯ ಚಿತ್ರ ಕತ್ತರಿಸಿ, ದೊಡ್ಡದು ಮಾಡಿಸಲು ದಿಂಡುಗಲ್ಲಿನ ಫೋಟೋ ಸ್ಟುಡಿಯೋಗೆ ಕಳಿಸಿದ್ದರು. ಆ ಸ್ಟುಡಿಯೋದವನಿಗೆ ದೊಡ್ಡ ಫೋಟೋ ಎಂದರೆ ಒಂದೇ ಅರ್ಥ. ನಮ್ಮ ಕಡೆ ಬದುಕಿದ್ದವರು ಯಾರು ಅಷ್ಟು ದೊಡ್ಡ ಫೋಟೋ ಹಾಕಿಸಿಕೊಳ್ಳುತ್ತಾರೆ? ಕೇಳದೇ ಎಲ್ಲ ಜೋಡಿಸಿ ಕಳಿಸಿದ್ದ: ಗಂಧದ ಚಕ್ಕೆಯ ಹಾರ, ನೆತ್ತಿಯ ಮೇಲೆ ಕೆಂಪು ಬಲ್ಬು, ಕೆಳಗೆ ತಮಿಳಿನಲ್ಲಿ ಜನನ, ಮರಣ ಎಂದು ಎರಡು ಪದ, ಪಕ್ಕದಲ್ಲಿ ಖಾಲಿ ಜಾಗ. ಬಟ್ಟೆ ಸರಿಸಿದರು. ಊರವರೆಲ್ಲ ಕೈ ಮುಗಿದರು. ಹೆಂಗಸರು ‘ಅಯ್ಯೋ ಪಾವ’ ಎಂದು ಲೊಚಗುಟ್ಟಿದರು. ಕಲ್ಕತ್ತಾದಲ್ಲಿ ನಿಮ್ಮ ತಂದೆ ಆಗ ಬಹುಶಃ ಚಹಾ ಕುಡಿಯುತ್ತಿದ್ದರು!

‘ಕೆಳಗೆ ಏನು ಬರೆದಿದೆ?’ ಎಂದು ನೀವು ನನ್ನನ್ನು ಕೇಳಿದಿರಿ. ‘ಶುಭವಾಗಲಿ ಅಂತ’ ಎಂದೆ. ಹಾರವೂ ಕೆಂಪು ಬಲ್ಬೂ ಬಂಗಾಳದಲ್ಲಿ ಬೇರೆ ಅರ್ಥ ಕೊಡುತ್ತವೆಯೇ? ಆದರೂ ನೀವು ಚಪ್ಪಲಿ ಕಳಚಿ, ಮುಂದೆ ಹೋಗಿ, ಎಲ್ಲರಂತೆ ಕೈ ಮುಗಿದು ನಿಂತಿರಿ. ದೊಡ್ಡಪ್ಪನ ಕಣ್ಣಲ್ಲಿ ನೀರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಂಜೆ ತೇನಿ ಬಸ್ ನಿಲ್ದಾಣದ ಎಸ್‌ಟಿಡಿ ಬೂತಿನ ಮುಂದೆ ಜೀಪು ನಿಲ್ಲಿಸಲು ಹೇಳಿದಿರಿ. ಗಾಜಿನ ಆಚೆ ನೀವು ಮಾತಾಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಬೇಗನೇ ಹೊರಗೆ ಬಂದಿರಿ. ‘ಅಲ್ಲಿ ಸೆಕೆಯೇ ಅಂತ ಕೇಳಿದರು, ಅಷ್ಟೆ’ ಅಂದಿರಿ. ಜೀಪು ಹತ್ತಲಿಲ್ಲ. ಪೆರಿಯಕುಳಂ ಬಸ್ಸು ಹಿಂದಕ್ಕೆ ತೆಗೆಯುವ ಗಲಾಟೆಯ ನಡುವೆ ನೀವು ಹೇಳಿದ್ದು ನನಗೆ ಈಗಲೂ ಪೂರ್ತಿ ನೆನಪಿದೆ. ‘ಆ ಫೋಟೋ ಮುಂದೆ ನಿಂತಾಗ ಮೈ ಹಗುರವಾಯಿತು ಕಣೋ. ಅಪ್ಪ ಇಲ್ಲ, ಇನ್ನು ನಾನು ಮಾಡಿದ್ದು ನನ್ನದು ಅನ್ನಿಸಿತು. ಎಂಥ ಮಗ ನಾನು? ಬದುಕಿದ್ದಾರೆ ಅಂತ ಖಾತ್ರಿ ಮಾಡಿಕೊಳ್ಳಲು ಫೋನು ಮಾಡಿದೆ. ಬದುಕಿದ್ದಾರೆ.’ ನೀವು ಅಳುತ್ತೀರಿ ಎಂದುಕೊಂಡೆ. ಅಳಲಿಲ್ಲ. ಟೀ ಕುಡಿಯೋಣವೇ ಎಂದು ಕೇಳಿದೆ, ದಡ್ಡನ ಹಾಗೆ.

ಮನೆಗೆ ಹೋದವನೇ ದೊಡ್ಡಪ್ಪನ ಮೇಲೆ ಹರಿಹಾಯ್ದೆ. ಅವರು ಸೊಪ್ಪು ಹಾಕಲಿಲ್ಲ. ‘ಏಲಾ, ಅಷ್ಟ್ ದೊಡ್ಡ ಆಳು, ಪೇಪರ್ನಾಗೆ ಫೋಟೋ ಬಂದೈತೆ. ಇನ್ನೂ ಉಸುರೋಡ ಅವ್ರೆ ಅಂತ ನಂಗೆಂಗ್ ತಿಳೀಬೇಕು?’ ಅಂದರು. ‘ಹೋರಿಗೆ ಅಪ್ಪನ ಹೆಸರು ಬ್ಯಾಡ ಅಂತೀಯ, ಈ ತಂಬಿಗೆ ಮಾತ್ರ ಯಾಕೆ ಬೇಕು?’ ಎಂದು ಕೇಳಿದೆ. ‘ಹೋರಿ ಸಿನಿಮಾ ತೆಗೀತದಾ? ಓಗ್ಲಾ’ ಎಂದು ಎದ್ದು ಹೋದರು. ಆದರೆ ಮರುದಿನ ನೀವು ಬಂದಾಗ ಅವರು ಎದುರಿಗೆ ಬರಲಾರದೆ ಹಿತ್ತಿಲಲ್ಲಿ ನಿಂತಿದ್ದರು. ನೀವೇ ಹುಡುಕಿಕೊಂಡು ಹೋಗಿ ಅವರ ಕೈ ಹಿಡಿದುಕೊಂಡಿರಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಆದ್ದರಿಂದ ರಾಜಿ ಸುಲಭವಾಯಿತು.

ಶೂಟಿಂಗಿನ ಕೊನೆಯ ದಿನಗಳಲ್ಲಿ ದೊಡ್ಡಪ್ಪ ಒಂದು ವಿಷಯದಲ್ಲಿ ಜಗ್ಗಲಿಲ್ಲ. ಸಿನಿಮಾಕ್ಕೆಂದು ಸುಳ್ಳು ಪಟ್ಟ ಕಟ್ಟಲು ಬಿಡುವುದಿಲ್ಲ ಎಂದರು. ದೇವರ ಕೆಲಸ ವೇಷದ ಕೆಲಸವಲ್ಲ. ನೀವು ವಾದಿಸಲಿಲ್ಲ. ಪಟ್ಟ ಕಟ್ಟುವ ಮೊದಲೇ ಚಿತ್ರ ಮುಗಿಸಿದಿರಿ. ಅಂಗಳದಲ್ಲಿ ಕಬ್ಬು ಬಿದ್ದಿದೆ, ಹಿಂಡು ಬೆಟ್ಟ ಇಳಿದು ಬರುತ್ತಿದೆ, ಅಷ್ಟೆ. ರಾಜ ಯಾರೆಂದು ಗೊತ್ತಾಗುವುದಿಲ್ಲ. ನಿರ್ದೇಶಕರ ಹೆಸರು ತೋರಿಸುವಲ್ಲಿ ಬರೀ ‘ನೀಲಾದ್ರಿ’ ಎಂದು ಹಾಕಿದಿರಿ. ಮನೆತನದ ಹೆಸರನ್ನು ಬಿಟ್ಟೇಬಿಟ್ಟಿರಿ.

ದಿಂಡುಗಲ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಮ್ಮನ್ನು ಕೊನೆಯ ಸಲ ಬೀಳ್ಕೊಟ್ಟೆ. ಮದ್ರಾಸಿನ ಹಂಚಿಕೆದಾರ ಚಿತ್ರ ನೋಡಿ ಮೆಚ್ಚಿದ್ದ. ಪೋಸ್ಟರಿನಲ್ಲಿ ನಿಮ್ಮ ತಂದೆಯ ಹೆಸರು ಹಾಕಿಕೊಳ್ಳಲು ಬಿಟ್ಟರೆ ತಕ್ಷಣ ಬಿಡುಗಡೆ, ಇಲ್ಲವಾದರೆ ಡಬ್ಬ ಗೋಡೌನಿನಲ್ಲಿರಲಿ ಎಂದಿದ್ದ. ಪಾಂಡಿಯನ್ ಎಕ್ಸ್‌ಪ್ರೆಸ್ ಬರುವುದರಲ್ಲಿತ್ತು. ನಾನು ನಿಮ್ಮ ಚೀಲ ಹಿಡಿದುಕೊಂಡೇ ಗೋಗರೆದೆ. ‘ಒಪ್ಪಿಕೊಳ್ಳಿ ದಾದಾ. ಒಂದು ಹೆಸರು, ಅಷ್ಟೇ ತಾನೆ? ನಮ್ಮ ಅವ್ವ ತನ್ನ ಮಾತನ್ನು ತೆರೆಯ ಮೇಲೆ ಕೇಳಬೇಡವೇ?’ ನೀವು ಚೀಲ ಇಸಿದುಕೊಂಡಿರಿ. ‘ನೀನೂನಾ?’ ಎಂದು ಕೇಳಿದಿರಿ. ದನಿಯಲ್ಲಿ ಸಿಟ್ಟಿರಲಿಲ್ಲ. ಒಪ್ಪದೆಯೇ ರೈಲು ಹತ್ತಿದಿರಿ, ಡಬ್ಬ ಗೋಡೌನಿನಲ್ಲೇ ಉಳಿಯಿತು.

ಆಮೇಲೆ ಬಂದದ್ದು ನಿಮ್ಮ ಅಕ್ಕನ ಫೋನು. ನಿಮಗೆ ಎದೆನೋವು, ಆಸ್ಪತ್ರೆಗೆ ಸಾಗಿಸುವ ಮೊದಲೇ ಎಲ್ಲ ಮುಗಿದಿತ್ತು ಎಂದರು. ಅವ್ವ ಒಲೆ ಹಚ್ಚಲಿಲ್ಲ. ‘ಆ ತಂಬಿಗೆ ವಯಸ್ಸೇನಾಗಿತ್ತು’ ಎಂದು ಕೇಳಿದ್ದನ್ನೇ ಕೇಳಿದಳು. ಸ್ಥಳೀಯ ಪತ್ರಿಕೆಯವನು ನನ್ನ ಹತ್ತಿರ ಬಂದ, ಸತ್ತವರು ಯಾರು, ಎರಡು ಸಾಲು ಹೇಳಿ ಎಂದ. ನಿಮ್ಮ ಹೆಸರು ಹೇಳಿದೆ. ಅವನು ಪೆನ್ನು ಎತ್ತಲಿಲ್ಲ. ಆಗ ನಾನು ನಿಮ್ಮ ತಂದೆಯ ಹೆಸರು ಹೇಳಿದೆ ದಾದಾ. ಪೆನ್ನು ಓಡಿತು. ಮರುದಿನದ ಸುದ್ದಿಯಲ್ಲಿ ತಂದೆಯ ಹೆಸರಿತ್ತು, ‘ಅವರ ಪುತ್ರ’ ಎಂದಿತ್ತು, ನಿಮ್ಮ ಹೆಸರಿರಲಿಲ್ಲ. ದೊಡ್ಡಪ್ಪನಿಗೆ ತಿಳಿಯದೆ ಆದ ತಪ್ಪನ್ನು ನಾನು ತಿಳಿದೂ ತಿಳಿದೂ ಮಾಡಿದೆ. ಅವರ ಮೇಲೆ ಕೂಗಾಡಿದ ಬಾಯಿ ಇದೇ.

ಹೋದ ತಿಂಗಳು ಕಲ್ಕತ್ತಾಕ್ಕೆ ಹೋಗಿದ್ದೆ. ಇದು ನಿಮಗೆ ತಿಳಿಯದ ಸುದ್ದಿ, ಇದಕ್ಕಾಗಿಯೇ ಈ ಕಾಗದ. ನಿಮ್ಮ ಅಕ್ಕ ಬಾಗಿಲಲ್ಲೇ ನನಗೆ ಹೇಳಿದರು: ತಂದೆಗೆ ಈಗ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ನೀವು ತೀರಿಹೋದದ್ದನ್ನು ಅಕ್ಕ ಎಷ್ಟೋ ಸಲ ಹೇಳಿದ್ದಾರೆ. ಪ್ರತಿ ಸಲವೂ ಹೊಸದಾಗಿ ಅಳುತ್ತಾರಂತೆ, ಮತ್ತೆ ಮರೆಯುತ್ತಾರಂತೆ. ಅದಕ್ಕೇ ಈಗ ಹೇಳುವುದನ್ನು ಬಿಟ್ಟಿದ್ದಾರೆ. ನಿಮಗೆ ತಮ್ಮನಂಥವನೊಬ್ಬ ಬಂದಿದ್ದಾನೆ ಎಂದು ಕೂಡ ಅಕ್ಕ ತಂದೆಗೆ ಹೇಳಲಿಲ್ಲ. ನಾನು ಒಯ್ದಿದ್ದ ನಿಮ್ಮ ಚಿತ್ರದ ಕ್ಯಾಸೆಟ್ಟನ್ನು ಟೀವಿಗೆ ಹಾಕಿದರು.

ನಿಮ್ಮ ತಂದೆ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ನೋಡಿದರು. ನಡುವೆ ಎದ್ದು ಹೋಗುತ್ತಾರೆ, ಅದು ರೂಢಿ ಎಂದು ಅಕ್ಕ ಮೊದಲೇ ಹೇಳಿದ್ದರು. ಎದ್ದು ಹೋಗಲಿಲ್ಲ. ಚಿತ್ರದಲ್ಲಿನ ನಮ್ಮ ಅವ್ವನ ಕನ್ನಡಕ್ಕೆ ಒಂದು ಕಡೆ ನಕ್ಕರು, ಭಾಷೆ ಗೊತ್ತಿಲ್ಲದೆಯೇ. ಮುಗಿದ ಮೇಲೂ ಖಾಲಿ ಪರದೆಯನ್ನು ನೋಡುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಮಗುವಿಗೆ ಬಿಡಿಸಿ ಹೇಳುವ ಹಾಗೆ ಹೇಳಿದರು. ‘ಏನೂ ಮಾಡಬೇಕಿಲ್ಲದ ಕಡೆ ಇವನು ಏನೂ ಮಾಡಿಲ್ಲ. ನನಗೆ ಅಷ್ಟು ಧೈರ್ಯ ಇರಲಿಲ್ಲ. ಯಾರು ಇವನು?’

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ಹೋದರು. ನಾನು ಏನು ಹೇಳಬೇಕಿತ್ತು ದಾದಾ? ನಿಮ್ಮ ಮಗ ಎಂದರೆ ನೀವು ಜೀವಮಾನವಿಡೀ ಬೇಡವೆಂದ ಮಾತನ್ನು ನಾನೇ ಆಡಿದ ಹಾಗೆ. ಹೇಳದಿದ್ದರೆ ಒಬ್ಬ ತಂದೆಯಿಂದ ಅವನ ಮಗನನ್ನು ಮುಚ್ಚಿಟ್ಟ ಹಾಗೆ. ‘ನೀಲಾದ್ರಿ’ ಎಂದೆ, ಅಷ್ಟೇ. ಅವರು ಆ ಹೆಸರನ್ನು ಒಂದು ಸಲ ತಾವೂ ಹೇಳಿಕೊಂಡರು. ಎಲ್ಲಿಯೂ ಕೇಳಿದ ಹಾಗೆ ಕಾಣಲಿಲ್ಲ. ನೀವು ಬೇಡಿದ್ದು ಇದೇ ಅಲ್ಲವೇ? ನಿಮಗೆ ಸಿಕ್ಕಿತು. ನನಗೆ ಮಾತ್ರ ಅವರ ಮುಖ ನೋಡಲಾಗಲಿಲ್ಲ.

‘ಅವನನ್ನು ಒಂದು ಸಲ ಇಲ್ಲಿಗೆ ಕರೆದುಕೊಂಡು ಬಾ’ ಎಂದರು ನಿಮ್ಮ ತಂದೆ. ‘ನಾನು ಕೇಳಿದೆ ಅಂತ ಹೇಳು. ದೊಡ್ಡವರ ಮನೆ ಅಂತ ಸಂಕೋಚ ಪಟ್ಟುಕೊಳ್ಳುವುದು ಬೇಡ.’

ಕರೆದುಕೊಂಡು ಬರುತ್ತೇನೆ ಎಂದೆ.