ಸೋಫಾ ಹಾಕಿದ ತರಗತಿ

ಭಾವನವರಿಗೆ ನಮಸ್ಕಾರ.

ನಮ್ಮ ಶಾಲೆಗೆ ಎರಡು ಕೋಣೆ ಕಟ್ಟಿಕೊಡುವ ಕರಾರಿನ ಮೇಲೆ ನಿಮ್ಮ ಬಡಾವಣೆಗೆ ಅನುಮತಿ ಸಿಕ್ಕಿತು. ಕೋಣೆಗಳೇನೋ ಎದ್ದವು. ಅಲ್ಲಿ ಸೋಫಾ ಹಾಕಿಕೊಂಡು ನೀವು ಮನೆ ಮಾರುತ್ತಿದ್ದೀರಿ. ನನ್ನ ಎರಡನೇ ತರಗತಿ ಇನ್ನೂ ಮೆಟ್ಟಿಲ ಕೆಳಗೇ ನಡೆಯುತ್ತಿದೆ. ನಿನ್ನೆ ಕೇಳಿದರೆ, "ಇನ್ನೊಂದಿಷ್ಟು ಮನೆ ಹೋಗ್ಲಿ ತಾಳಮ್ಮಾ, ಮಕ್ಕಳೇನು ಓಡಿಹೋಗ್ತಾವಾ?" ಎಂದು ನಕ್ಕಿರಿ. ಮರುಗಳಿಗೆಯೇ ಗಿರಾಕಿಗೆ ಕಿಟಕಿಯಿಂದ ಅದೇ ಮಕ್ಕಳನ್ನು ತೋರಿಸಿ, "ನೋಡಿ ಸಾರ್, ಶಾಲೆ ಪಕ್ಕದಲ್ಲೇ" ಎಂದಿರಿ.

ಇಷ್ಟು ದಿನ ಅಕ್ಕನ ಮುಖ ನೋಡಿ ಸುಮ್ಮನಿದ್ದೆ. ಸೋಮವಾರದೊಳಗೆ ದಯವಿಟ್ಟು ಸೋಫಾ ತೆಗೆಸಿ. ತೆಗೆಸದಿದ್ದರೂ ಚಿಂತೆಯಿಲ್ಲ, ಮಕ್ಕಳನ್ನು ಅದರ ಮೇಲೆಯೇ ಕೂರಿಸುತ್ತೇನೆ. ನಿಮ್ಮ ಗಿರಾಕಿಗಳು ಬಾಗಿಲಲ್ಲಿ ನಿಂತು ಮಗ್ಗಿ ಕೇಳಲಿ. ಅವರಿಗೆ ಕರಾರಿನ ವಿಷಯ ನಾನೇ ಹೇಳುತ್ತೇನೆ.

ಇಂತಿ,
ನಿಮ್ಮ ನಾದಿನಿ,
ಎರಡನೇ ತರಗತಿಯ ಟೀಚರ್