ಈ ಸಲದ ವಂದನಾರ್ಪಣೆ

ಪ್ರೀತಿಯ ರಮಾಮಣಿ ಮೇಡಂ,

ನೀವಿದ್ದಿದ್ದರೆ ಇವತ್ತು ಸಂಜೆಯೇ ಸ್ಕೂಟರ್ ಹತ್ತಿ ಕುವೆಂಪುನಗರದ ನಿಮ್ಮ ಮನೆಗೆ ಬಂದುಬಿಡುತ್ತಿದ್ದೆ. ನಮ್ಮ ಇತಿಹಾಸ ಸಂಘದ ಸಮ್ಮೇಳನಕ್ಕೆ ಈ ವರ್ಷ ನಿಮ್ಮ ಶಿಷ್ಯೆಯೇ ಅಧ್ಯಕ್ಷೆ! ಆದರೂ ಕಾರ್ಯದರ್ಶಿ ವಾಗೀಶರು ಎಂದಿನಂತೆ ಬಂದು, "ವಂದನಾರ್ಪಣೆ ನೀವೇ ಮಾಡ್ಬುಡಿ ಮೇಡಂ, ಹೆಂಗಸ್ರು ಹೇಳಿದ್ರೇ ಚೆಂದ" ಅಂದರು. ನಿವೃತ್ತಿಯವರೆಗೂ ಸಂಘದವರು ನಿಮ್ಮ ಕೈಗೆ ಮೈಕು ಕೊಟ್ಟದ್ದು ಅದೊಂದಕ್ಕೇ ಅಲ್ಲವೇ? ನಿಮ್ಮ ಶಾಸನಗಳ ಪ್ರಬಂಧ ಬ್ಯಾಗಿನಲ್ಲೇ ಉಳಿಯುತ್ತಿತ್ತು.

"ಈ ಸಲ ನೀವೇ ಮಾಡಿ ಸಾರ್" ಅಂದೆ.

ಪಾಪ, ಅವರಿಗೆ ಅಭ್ಯಾಸವಿಲ್ಲ. ಮೈಕಿನವರು, ಹೂವಿನವರು, ಊಟದವರು ಎಲ್ಲರಿಗೂ ವಂದಿಸಿ, ಅಧ್ಯಕ್ಷೆಯನ್ನೇ ಮರೆತು ವೇದಿಕೆ ಇಳಿದರು. ನನಗೆ ನಗು ತಡೆಯಲಾಗಲಿಲ್ಲ. ನೀವೂ ಸೆರಗು ಬಾಯಿಗೊತ್ತಿಕೊಂಡು ನಗುತ್ತಿರುತ್ತೀರೆಂದು, ನೀವು ಯಾವಾಗಲೂ ಕೂರುತ್ತಿದ್ದ ಹಿಂದಿನ ಸಾಲಿನತ್ತ ನೋಡಿಬಿಟ್ಟೆ.

ನಿಮ್ಮ
ಗಾರ್ಗಿ