ರಾಯವ್ವನ ಸಹಿ

ರವಿವಾರ, ೪ ಆಗಸ್ಟ್ ೨೦೨೪

ಪ್ರೀತಿಯ ಶೈಲಜಾ,

ಹೇಗಿದ್ದೀ? ಬೈಲಹೊಂಗಲದಲ್ಲಿ ನೀವೆಲ್ಲ ಆರಾಮವಾಗಿದ್ದೀರಿ ಎಂದು ತಿಳಿದಿದ್ದೇನೆ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಫೋನಿನಲ್ಲಿ ನಾವಿಬ್ಬರೂ ನಗುವುದರಲ್ಲೇ ಹೊತ್ತು ಕಳೆಯುತ್ತೇವೆ, ಮನಸ್ಸಿನ ಮಾತಿಗೆ ಪತ್ರವೇ ಬೇಕು ಅಂತ ಹಟ ಹಿಡಿದವಳು ನಾನು. ಈಗ ಉತ್ತರ ಬರೆಯದೆ ಕೂತವಳೂ ನಾನೇ. ಜಂಪರು ಹೊಲಿಯುವ ಕೆಲಸ ಬಹಳ ಇತ್ತು ಅಂತ ನೆಪ ಹೇಳಬಹುದು. ಆದರೆ ಮದುವೆಗಳು ಮುಗಿದ ಮೇಲೆ ನನ್ನ ಮಷಿನ್ನು ನನ್ನಷ್ಟೇ ಸುಮ್ಮನಿದೆ. ಬರೆಯಲು ಧೈರ್ಯವಾಗಲಿಲ್ಲ, ಅಷ್ಟೇ. ಬೈಯಬೇಡ.

ನಿನ್ನ ಮಗ ಸಚಿನನಿಗೆ ಹದಿನೆಂಟು ತುಂಬಿ ವೋಟಿನ ಕಾರ್ಡು ಬಂತೆಂದು ಓದಿ ಖುಷಿಯಾಯಿತು. ನಾನು ಎತ್ತಿ ಆಡಿಸಿದ ಹುಡುಗ ಈಗ ಸರಕಾರ ಆರಿಸುತ್ತಾನೆ! ಆದರೆ ಅವನು, "ನಮ್ಮಂಥವ್ರು ಏನ ಮಾಡಿದ್ರೂ ಏನೂ ನಡಿಯಂಗಿಲ್ಲ ಬಿಡವ್ವ" ಅಂದನಂತೆ. ಅವನಿಗೆ ಏನು ಹೇಳಲಿ ಅಂತ ನನ್ನನ್ನು ಕೇಳಿದ್ದೀ. ಊರಿಗೆಲ್ಲ ಬುದ್ಧಿ ಹೇಳುವವಳು ಅಂತ ನನ್ನ ಹೆಸರು ಬೈಲಹೊಂಗಲದವರೆಗೂ ಕೆಟ್ಟಿದೆ ಅಂದಾಯಿತು. ಉತ್ತರ ಹೇಳುತ್ತೇನೆ, ಮೊದಲು ನಮ್ಮ ಕೇರಿಯ ಸುದ್ದಿ ಕೇಳು.

ರವಿವಾರ ಮಧ್ಯಾಹ್ನ ಕೇರಿಯ ಬುದ್ಧ ವಿಹಾರದಲ್ಲಿ ನಾನು ಹೆಂಗಸರಿಗೆ ಅಕ್ಷರ ಕಲಿಸುವುದು ನಿನಗೆ ಗೊತ್ತಿದೆ. ಎಲ್ಲರಿಗಿಂತ ಹಿರಿಯ ವಿದ್ಯಾರ್ಥಿನಿ ನಮ್ಮ ಎದುರು ಮನೆಯ ರಾಯವ್ವ ಆಯಿ. ನೀನು ಬಂದಾಗೆಲ್ಲ ಸೆರಗಿನಲ್ಲಿ ಶೇಂಗಾ ಬೆಲ್ಲ ಕಟ್ಟಿಕೊಂಡು ಬರುತ್ತಿದ್ದಳಲ್ಲ, ಅವಳೇ. "ಕುರಪಿ ಹಿಡದ ಕೈಗೆ ಪೆನ್ನ ಭಾಳ ಹಗೂರ ಆತು ತಂಗಿ, ಹಿಡದದ್ದ ಗೊತ್ತಾಗವಲ್ದು" ಅಂತ ಮೊದಲ ತಿಂಗಳೆಲ್ಲ ಗೊಣಗಿದಳು. ಆಮೇಲೆ ಒಂದು ದಿನ ತನ್ನ ಹೆಸರು ಪೂರ್ತಿ ಬರೆದು, ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ನನ್ನ ಕಣ್ಣಲ್ಲಿ ನೀರು ಬಂತು. ಅವಳು ಮಾತ್ರ "ವ್ವ ಸೊಟ್ಟ ಆಗೇದ" ಅಂದಳು.

ನಮ್ಮ ಕೇರಿಗೂ ಮುರಗೋಡದ ರಸ್ತೆಗೂ ನಡುವೆ ಹಳ್ಳ ಇದೆಯಲ್ಲ, ಮಳೆಗಾಲದಲ್ಲಿ ಅದನ್ನು ದಾಟುವುದು ಕಷ್ಟ. ಹೋದ ವರ್ಷ ರಾಯವ್ವನ ಮೊಮ್ಮಗಳು ಗಂಗಾ ಅಲ್ಲಿ ಜಾರಿ ಬಿದ್ದಳು. ಪಾಟಿಚೀಲ ನೀರಿನಲ್ಲಿ ತೇಲಿಹೋಯಿತು, ಹುಡುಗಿ ಉಳಿದಳು. ಅವಳ ಅಪ್ಪ ಸೋಮಪ್ಪ ಅಂದೇ ಹೇಳಿಬಿಟ್ಟ: "ಏಳನೇತ್ತ ಮುಗೀಲಿ. ಬ್ರಿಜ್ ಆದ್ರ ಹೈಸ್ಕೂಲಿಗೆ ಕಳಸೂಣು, ಆಗಲಿಲ್ಲಂದ್ರ ಇಲ್ಲ." ಆಗ ನಮ್ಮ ಹೆಂಗಸರೇ ಕೂತು ಅರ್ಜಿ ಬರೆದರು. ಕಾಲುಸೇತುವೆ ಬೇಕು ಅಂತ ನಾಲ್ಕೇ ಸಾಲು, ಕೆಳಗೆ ಮೂವತ್ತಾರು ಸಹಿ. ಒಂದೂ ಹೆಬ್ಬೆಟ್ಟಿಲ್ಲ! ನಂಬುತ್ತೀಯಾ, ನವೆಂಬರದ ಗ್ರಾಮಸಭೆಯಲ್ಲಿ ಅದು ಪಾಸಾಯಿತು. ಅವತ್ತು ರಾಯವ್ವ ಇಡೀ ಕೇರಿಗೆ ಚಹಾ ಕುಡಿಸಿದಳು. ಗಂಗಾ ಹೈಸ್ಕೂಲಿನ ಸಮವಸ್ತ್ರದ ಬಣ್ಣ ಯಾವುದು ಅಂತ ನನ್ನನ್ನು ಕೇಳಿಕೊಂಡು ಹೋದಳು.

ಫೆಬ್ರವರಿಯಲ್ಲಿ ಮತ್ತೊಂದು ಗ್ರಾಮಸಭೆ ಇತ್ತು. ಕಡಲೆ ಕೀಳುವ ಸುಗ್ಗಿ, ಕೂಲಿ ಬಿಟ್ಟು ಸಭೆಗೆ ಯಾರು ಹೋಗುತ್ತಾರೆ? ನಮ್ಮಲ್ಲಿ ಮೊದಲಿನಿಂದಲೂ ಒಂದು ರೂಢಿ ಇದೆ. ಸಭೆಗೆ ಜನ ಹೋಗುವುದಿಲ್ಲ, ಹಾಜರಿ ಪುಸ್ತಕವೇ ಜನರ ಹತ್ತಿರ ಬರುತ್ತದೆ. ಸಭೆಯ ಹಿಂದಿನ ದಿನ ಪಂಚಾಯತಿಯ ನೀರು ಬಿಡುವ ನಿಜಗುಣಪ್ಪ ಅದನ್ನು ಬಗಲಲ್ಲಿಟ್ಟುಕೊಂಡು ನಮ್ಮ ವರ್ಗಕ್ಕೇ ಬಂದ. "ಇಲ್ಲೇ ಎಲ್ಲಾರೂ ಸಿಕ್ಕ್ರಿ, ಚಲೋ ಆತು. ಒಂದೊಂದ ಸಹಿ ಮಾಡ್ರಿ ಅಕ್ಕಾರ, ಸಭಾಕ್ಕ ಬಂದಂಗ ಆತು" ಅಂದ. ಎಲ್ಲರೂ ಮಾಡಿದರು.

ಮೇ ತಿಂಗಳಲ್ಲಿ ಊರ ಬಾಗಿಲಿಗೆ ಜಲ್ಲಿ, ಸಿಮೆಂಟು ಬಂದು ಬಿತ್ತು. ಸೇತುವೆಯ ಸಾಮಾನು ಅಂತ ನಮ್ಮ ಹೆಂಗಸರು ಹೋಗಿ ನೋಡಿ ಬಂದರು. ಅದು ಸೇತುವೆಯಲ್ಲ, ಸ್ವಾಗತ ಕಮಾನು! ಈಗ ಅದು ಎದ್ದು ನಿಂತಿದೆ. ಮೇಲೆ ಸುಸ್ವಾಗತ, ಕೆಳಗೆ ಮೆಂಬರ್ ನಿಂಗರಾಜನ ಹೆಸರು. ನಮ್ಮೂರಿಗೆ ಯಾರು ಬರುತ್ತಾರೆ ಅಂತ ಇಷ್ಟು ದೊಡ್ಡ ಸ್ವಾಗತವೋ ಕಾಣೆ.

ಸವದತ್ತಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ತಮ್ಮ ಅಜಿತ ಮಾಹಿತಿ ಹಕ್ಕಿನ ಅರ್ಜಿ ಹಾಕಿಸಿದ. ಜುಲೈಯಲ್ಲಿ ಆ ಫೆಬ್ರವರಿ ಸಭೆಯ ಠರಾವಿನ ಪ್ರತಿ ಕೈಗೆ ಬಂತು. ಕಾಲುಸೇತುವೆಯ ಕಾಮಗಾರಿ ಕೈಬಿಟ್ಟು ಕಮಾನು ಕಟ್ಟಲು ಸಭೆ ಸರ್ವಾನುಮತದಿಂದ ಒಪ್ಪಿದೆ ಅಂತ ಬರೆದಿತ್ತು. ಕೆಳಗೆ ನಮ್ಮವರ ಸಹಿ, ನಾನೇ ತಿದ್ದಿಸಿದ ಅಕ್ಷರ. ಪಂಚಾಯತಿಗೆ ಹೋಗಿ ಜಗಳ ತೆಗೆದೆ. ಅಧಿಕಾರಿ ಪಾಪ ಸಿಟ್ಟೇ ಆಗಲಿಲ್ಲ. "ನೀವ ಒಪ್ಪಿದ್ದಲ್ರೀ ಟೀಚರ್" ಅಂದರು. "ಸಭಾಕ್ಕ ಇಷ್ಟ ಮಂದಿ ಹೆಣ್ಮಕ್ಕಳು ಇರಬೇಕಂತ ಕಾಯ್ದೆ ಐತಿ. ನಿಮ್ಮ ಕೇರಿಯವ್ರ ಸಹಿ ಇರಲಿಲ್ಲಂದ್ರ ಕೋರಂ ಆಗತಿದ್ದಿಲ್ಲ. ಸಭಾನ ಮುಂದಕ್ಕ ಹಾಕತಿದ್ವಿ."

ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ ಶೈಲೂ. ಎಲ್ಲ ಸಭೆಗಳನ್ನೂ ನಿಂಗರಾಜನಂಥವರೇ ನಡೆಸುತ್ತಾರೆ ಅಂದುಕೊಂಡಿದ್ದೆ. ಈ ಸಭೆ ನಮ್ಮ ಕೈಯಲ್ಲಿತ್ತು. ನಾವು ಏನೂ ಮಾಡದೆ, ಪೆನ್ನು ಮುಟ್ಟದೆ ಸುಮ್ಮನೆ ಕೂತಿದ್ದರೆ ಸಾಕಿತ್ತು, ಸೇತುವೆ ಉಳಿಯುತ್ತಿತ್ತು.

ಸಚಿನನಿಗೆ ಹೇಳು, ನಮ್ಮಂಥವರಿಂದ ಏನೂ ನಡೆಯುವುದಿಲ್ಲ ಅನ್ನುವುದು ಸುಳ್ಳು. ನಡೆಯುತ್ತದೆ. ಅದಕ್ಕೇ ನನಗೆ ಈಗ ಭಯ. ಯಾವ ಕಾಗದವೇ ಆಗಲಿ, ಮೇಲಿನದನ್ನು ಓದಿ ಆಮೇಲೆ ಕೆಳಗೆ ಬರೆಯಲಿ.

ಗಂಗಾಳನ್ನು ಶಾಲೆ ಬಿಡಿಸಿದರು. ಸೋಯಾಬೀನಿನ ಕಳೆ ತೆಗೆಯಲು ಅವ್ವನ ಜೊತೆ ಹೋಗುತ್ತಾಳೆ. ಹಳ್ಳದಲ್ಲಿ ಈಗ ಎದೆಮಟ್ಟ ನೀರು. ಇನ್ನೊಂದು ಗ್ರಾಮಸಭೆ ಬರುತ್ತದೆ, ಎಲ್ಲರೂ ಹೋಗಿ ಕೂತು ಮಾತಾಡೋಣ ಅಂತ ಮನೆಮನೆಗೆ ಹೇಳುತ್ತಿದ್ದೇನೆ. ಹೂಂ ಅನ್ನುತ್ತಾರೆ, ಆದರೆ ಮೊದಲಿನ ಹುರುಪಿಲ್ಲ. ರಾಯವ್ವ ವರ್ಗಕ್ಕೆ ಬರುವುದನ್ನೇ ಬಿಟ್ಟಿದ್ದಾಳೆ. ಮೊಣಕಾಲು ನೋವು ಅಂತ ಹೇಳಿ ಕಳಿಸಿದಳು.

ಸಚಿನನಿಗೆ ನನ್ನ ಆಶೀರ್ವಾದ. ಅವನ ಮೊದಲ ವೋಟು ಒಳ್ಳೆಯದಕ್ಕೆ ಬೀಳಲಿ. ನಿನ್ನ ಅತ್ತೆಯವರಿಗೆ ನನ್ನ ಶರಣು ತಿಳಿಸು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಯಶೋಧಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ನಿಜಗುಣಪ್ಪ ಪುಸ್ತಕ ಬಿಚ್ಚಿದಾಗ ಪುಟದ ಮೇಲಿನ ಅರ್ಧ ಖಾಲಿ ಇತ್ತು. ಎಲ್ಲರೂ ನನ್ನ ಮುಖ ನೋಡಿದರು. ಮಾಡ್ರಿ ಅಂದವಳು ನಾನು, ಮೊದಲ ಸಹಿ ನನ್ನದೇ. "ನಿಮ್ಮ ಕೇರಿ ಹೆಬ್ಬೆಟ್ಟಿಗೆ ಪಂಚಾಯತಿ ಇಂಕ್ ಪ್ಯಾಡ್ ಸಾಲಂಗಿಲ್ಲ" ಅಂತ ನಿಂಗರಾಜ ಹಿಂದೊಮ್ಮೆ ನಕ್ಕಿದ್ದ. ಪುಟ ತುಂಬ ಸಹಿ ನೋಡಿ ಅವನ ಮುಖ ಸಣ್ಣದಾಗಲಿ ಅನ್ನುವುದೊಂದೇ ಆಗ ನನ್ನ ತಲೆಯಲ್ಲಿತ್ತು.

ರಾಯವ್ವ ಒಬ್ಬಳೇ ಪೆನ್ನು ಕೆಳಗಿಟ್ಟಳು. "ಮ್ಯಾಲೆ ಏನೂ ಬರದಿಲ್ಲ ತಂಗಿ. ಬರೀಲಾರದ ಹಾಳಿಗೆ ನಾ ಹ್ಯಾಂಗ ಸಹಿ ಮಾಡ್ಲಿ? ಓದಿ ಮಾಡಬೇಕಂತ ನೀನ ಹೇಳಿದ್ದಿ" ಅಂದಳು. ನಾನು ಕಲಿಸಿದ್ದನ್ನು ಕಲಿತವಳು ಅವಳೊಬ್ಬಳೇ. ನಾನು ನಕ್ಕು, "ಆಯಿ, ಎಲ್ಲಾರ ಮುಂದ ನನ್ನ ಮರ್ಯಾದಿ ಕಳೀಬ್ಯಾಡ" ಅಂತ ಪೆನ್ನನ್ನು ಅವಳ ಬೆರಳ ನಡುವೆ ಇಟ್ಟೆ. ನನ್ನ ಮೇಲಿನ ಪ್ರೀತಿಗೆ ಬರೆದಳು.

ನಿನ್ನೆ ಪೋಸ್ಟಮನ್ ರಾಯವ್ವನ ವೃದ್ಧಾಪ್ಯದ ಪಗಾರ ತಂದಿದ್ದ. ನಾನು ನಮ್ಮ ಕಟ್ಟೆಯ ಮೇಲೆ ಕೂತು ಗುಂಡಿ ಹಚ್ಚುತ್ತಿದ್ದೆ. ಅವಳು ಇಂಕ್ ಪ್ಯಾಡ್ ಕೇಳಿದಳು. "ನಿಮಗ ಸಹಿ ಬರತೈತಲ್ರಿ ಆಯಿ?" ಅಂದ ಅವನು.

"ಬರತೈತಪಾ" ಅಂದಳು. ಅಂದು ಹೆಬ್ಬೆರಳು ಮುಂದೆ ಹಿಡಿದಳು.